ಹದಿನೇಳನೇ ನಂಬರಿನ ಸ್ಪ್ಯಾನರ್

ಹಡಗಿನಿಂದ
ಫೆಬ್ರವರಿ 4

ಅತ್ತೆಗೆ ನಮಸ್ಕಾರ.

ಹಡಗು ಸೇರಿ ಮೂರು ದಿನವಾಯಿತು. ನಾನು ಚೆನ್ನಾಗಿದ್ದೇನೆ, ಹೊಟ್ಟೆ ಮಾತ್ರ ಸಮುದ್ರದ ಜೊತೆ ಇನ್ನೂ ರಾಜಿಯಾಗಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನಾನಿಲ್ಲಿ ಕಿರುಚಬೇಕು, ನೀವಲ್ಲಿ "ಏನಂದೆ?" ಎಂದು ಕಿರುಚಬೇಕು, ಕೊನೆಗೆ ನಮ್ಮ ಮನೆಯ ಸುದ್ದಿಯೆಲ್ಲ ಹಡಗಿನವರ ಬಾಯಲ್ಲಿ. ಅದಕ್ಕೇ ಈ ಸಲ ಪತ್ರ. ವಾರಕ್ಕೆರಡು ಬಾರಿ ತರಕಾರಿ ತರುವ ಬೋಟು ಹೋಗುವಾಗ ಟಪಾಲು ಒಯ್ಯುತ್ತದೆ.

ಎದುರು ಮನೆಯ ದರ್ಜಿಯಮ್ಮನಿಗೆ ನನ್ನ ಕೆಲಸ ಏನೆಂದು ಹೇಳಲಿ ಎಂದು ಕೇಳಿದ್ದಿರಲ್ಲ, ಹೀಗೆ ಹೇಳಿ. ಸಮುದ್ರದ ನಡುವೆ ಎಪ್ಪತ್ತೆರಡು ಗಾಳಿಯಂತ್ರಗಳು ನಿಂತಿವೆ. ಗಾಳಿಗೆ ರೆಕ್ಕೆ ತಿರುಗುತ್ತದೆ, ಕರೆಂಟು ಹುಟ್ಟುತ್ತದೆ. ಅವು ಕೆಡದಂತೆ ನೋಡಿಕೊಳ್ಳುವವರು, ಕೆಟ್ಟರೆ ರಿಪೇರಿ ಮಾಡುವವರು ನಾವು. ಎರಡು ತಿಂಗಳ ಪಾಳಿ, ವಾಸ ಹಡಗಿನಲ್ಲಿ. ಬೆಳಿಗ್ಗೆ ಸಣ್ಣ ಬೋಟಿನಲ್ಲಿ ಕಂಬದ ಬುಡಕ್ಕೆ ಹೋಗುತ್ತೇವೆ. ಬೋಟು ಮೂತಿಯನ್ನು ಕಂಬಕ್ಕೆ ಒತ್ತಿ ಹಿಡಿಯುತ್ತದೆ, ಅಲೆ ಅದನ್ನು ಮೇಲೆತ್ತಿದ ಕ್ಷಣ ನೋಡಿ ಏಣಿಗೆ ಕಾಲಿಡಬೇಕು. ಆಮೇಲೆ ಒಳಗಿನ ಲಿಫ್ಟು. ತುದಿಯಲ್ಲಿ, ರೆಕ್ಕೆಗಳ ಬೆನ್ನಿಗೆ, ಒಂದು ಬಸ್ಸಿನಷ್ಟು ದೊಡ್ಡ ಕೋಣೆ. ಯಂತ್ರಗಳೆಲ್ಲ ಅಲ್ಲೇ. ಇಷ್ಟೂ ಕೇಳಿದ ಮೇಲೂ ದರ್ಜಿಯಮ್ಮ "ಅಂದ್ರೆ ಫ್ಯಾನ್ ರಿಪೇರಿ" ಅಂದರೆ ಹೌದು ಅಂದುಬಿಡಿ.

ನನ್ನ ಜೋಡಿ ಈ ಸಲವೂ ಗಡ್ಡಪ್ಪನೇ. ನೀವು ಹೊಲಿದುಕೊಟ್ಟ ಉಪಕರಣಗಳ ಚೀಲ ನೋಡಿ, "ಈ ಹೊಲಿಗೆ ಬಿಚ್ಬೇಕಂದ್ರೆ ಗ್ಯಾಸ್ ಕಟ್ಟರೇ ತರ್ಬೇಕು" ಅಂದ. ಇಪ್ಪತ್ತನಾಲ್ಕು ಜೇಬು, ಇಪ್ಪತ್ತನಾಲ್ಕು ಉಪಕರಣ, ಒಂದೊಂದರ ಮೇಲೂ ನಂಬರು. ಈಗ ಅದನ್ನು ಹೆಗಲಿಗೆ ಹಾಕಿಕೊಂಡರೆ ದಂಡನಾಯಕಿಯ ಹಾಗೆ ಅನ್ನಿಸುತ್ತದೆ.

ಇನ್ನೊಂದು ಮಾತು, ದರ್ಜಿಯಮ್ಮನಿಗಲ್ಲ, ನಿಮಗೆ ಮಾತ್ರ. ಮಾರ್ಚಿನಲ್ಲಿ ನಮ್ಮ ತಂಡಕ್ಕೆ ಹೊಸ ಮುಖ್ಯಸ್ಥರನ್ನು ಆರಿಸುತ್ತಾರೆ. ನನ್ನ ಹೆಸರೇ ಮೊದಲಿದೆಯಂತೆ. ಐದು ವರ್ಷದಿಂದ ಕಾಯುತ್ತಿದ್ದೇನೆ ಅತ್ತೆ. ಆಸೆ ಎಷ್ಟಿದೆಯೆಂದರೆ ಹೇಳಲು ನಾಚಿಕೆಯಾಗುತ್ತದೆ.

ನಿಮ್ಮ ಮಗ ಅಡುಗೆ ಮಾಡುತ್ತಿದ್ದಾರಾ, ಬರೀ ಭರವಸೆ ಕೊಡುತ್ತಿದ್ದಾರಾ?

ನಿಮ್ಮ ಸೊಸೆ

*

ಮನೆ
ಫೆಬ್ರವರಿ 10

ಸೊಸೆಗೆ ಆಶೀರ್ವಾದ.

ಪತ್ರ ಬಂತು. ನಿನ್ನ ಗಂಡ ಪೋಸ್ಟಾಫೀಸಿನಲ್ಲೇ ಕೆಲಸದಲ್ಲಿದ್ದೂ ಮೂರು ದಿನ ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದ. ಬಟ್ಟೆ ಒಗೆಯಲು ಹಾಕಿದಾಗ ನನಗೆ ಸಿಕ್ಕಿತು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆಯಲ್ಲ.

ಅಡುಗೆ ನಡೆಯುತ್ತಿದೆ. ಸೋಮವಾರ ಅನ್ನ ಸೀದಿತು, ಮಂಗಳವಾರ ಅನ್ನ ಬೇಯಲಿಲ್ಲ. ಎರಡನ್ನೂ ಬೆರೆಸಿ ತಿಂದರೆ ಸರಿಹೋಗುತ್ತದೆ ಎಂದು ವಾದ ಮಾಡಿದ. ಹೆತ್ತ ತಪ್ಪಿಗೆ ತಿಂದೆ.

ಮುಖ್ಯಸ್ಥೆಯಾಗುವ ಆಸೆಗೆ ನಾಚಿಕೆ ಯಾಕೆ? ಗಾಳಿ ಬಂದಾಗ ತೂರಿಕೋ. ನಿನಗೆ ಸಿಗದೆ ಇನ್ನಾರಿಗೆ ಸಿಗಬೇಕು? ನಾನು ಮೂವತ್ತೊಂದು ವರ್ಷ ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳಿಗೆ ಎಣ್ಣೆ ಹಾಕಿ ಬೋಲ್ಟು ಬಿಗಿ ಮಾಡಿದವಳು. ಮುಖ್ಯಸ್ಥೆಯಾಗು ಎಂದು ಒಬ್ಬನೂ ಅನ್ನಲಿಲ್ಲ. ನೀನಾದರೆ ಅರ್ಧ ನಾನಾದಂತೆಯೇ. ದರ್ಜಿಯಮ್ಮನಿಗೆ ಹೇಳಬೇಡ ಎಂದಿದ್ದೆ, ಹೇಳಿಲ್ಲ. ಸುಳಿವು ಕೊಟ್ಟಿದ್ದೇನೆ, ಅಷ್ಟೇ.

ನೀನು ಹೊರಡುವ ಮುಂಚೆ ಮಂಚದಿಂದ ಶುರುಮಾಡಿದ್ದೆ, ಕೈಗೆ ತುರಿಕೆ ಬಂದು ಈಗ ಮನೆಯಲ್ಲಿರುವ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ ಮುಗಿಸಿದೆ. ಮಂಚ ಈಗ ಅಲ್ಲಾಡುವುದಿಲ್ಲ. ಅಲ್ಲಾಡುವುದು ನಿನ್ನ ಗಂಡನ ಮಾತು ಮಾತ್ರ.

ಏಣಿಗೆ ಕಾಲಿಡುವಾಗ ಹುಷಾರು. ಬೋಟಿನವನು ಹೇಳುವ ಮೊದಲು ಕಾಲೆತ್ತಬೇಡ.

ಅತ್ತೆ

*

ಹಡಗಿನಿಂದ
ಫೆಬ್ರವರಿ 16

ಅತ್ತೆಗೆ ನಮಸ್ಕಾರ.

ಒಂದು ಎಡವಟ್ಟಾಗಿದೆ. ಇಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೂ ನಗುತ್ತಿದ್ದೇನೆ. ಆದರೆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ.

ಹದಿಮೂರನೇ ತಾರೀಖಿನ ತನಕ ಅಲೆ ಜೋರಿದ್ದರಿಂದ ಕಂಬಗಳಿಗೆ ಹೋಗುವ ಸಣ್ಣ ಬೋಟು ಹೊರಡಲೇ ಇಲ್ಲ. ಹದಿನಾಲ್ಕಕ್ಕೆ ಮೊದಲ ಕೆಲಸ, ಮೂವತ್ತೆರಡನೇ ಕಂಬದ್ದು. ನಮ್ಮಲ್ಲಿ ಒಂದು ನಿಯಮವಿದೆ. ಕೆಲಸ ಶುರುಮಾಡುವ ಮೊದಲು ಉಪಕರಣಗಳನ್ನು ಒಂದೊಂದಾಗಿ ಹೊರಗೆ ತೆಗೆದು ನಂಬರು ನೋಡಿ ಒಬ್ಬರು ಓದಬೇಕು, ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕಬೇಕು, ಓದಿದವರು ಸಹಿ ಮಾಡಬೇಕು. ಕೆಲಸ ಮುಗಿದ ಮೇಲೆ ಅದೇ ಇನ್ನೊಂದು ಸಲ, ಆಗ ಓದುವವರು ಬದಲು. ಒಂದು ಸ್ಪ್ಯಾನರ್ ಒಳಗೇ ಉಳಿದು ತಿರುಗುವ ಗೇರಿಗೆ ಬಿದ್ದರೆ ಇಡೀ ಯಂತ್ರ ನುಚ್ಚುನೂರು. ಅದಕ್ಕೇ ಒಂದು ನಂಬರು ಹೆಚ್ಚುಕಮ್ಮಿಯಾದರೂ ಕಂಬಕ್ಕೆ ಬೀಗ, ಸಿಗುವ ತನಕ ರೆಕ್ಕೆ ತಿರುಗುವಂತಿಲ್ಲ.

ಬೆಳಿಗ್ಗೆ ಓದಿದ್ದು ನಾನು. ಸಂಜೆ ಗಡ್ಡಪ್ಪ ಓದಿದ. ಹದಿನಾರರ ತನಕ ಸರಾಗವಾಗಿ ಬಂದು ನಿಂತುಬಿಟ್ಟ.

"ಇದು ನಮ್ದಲ್ಲ ಕಣಮ್ಮ."

"ನಮ್ದಲ್ದೆ ಯಾರ್ದು? ಸಮುದ್ರದ ಮಧ್ಯೆ ಇನ್ಯಾರು ಬಂದು ಇಟ್ಟೋಗ್ತಾರೆ, ಮೀನಾ?"

ನೋಡಿದರೆ ಹದಿನೇಳನೇ ಜೇಬಿನಲ್ಲಿ ಯಾವುದೋ ಹಳೇ, ಸವೆದ ಸ್ಪ್ಯಾನರ್. ಅಳತೆ ಅದೇ, ನಂಬರಿಲ್ಲ. ನಮ್ಮ ಹದಿನೇಳು ಎಲ್ಲೂ ಇಲ್ಲ. ಹಿಂದೆ ಯಾರೋ ಬಿಟ್ಟುಹೋದದ್ದನ್ನು ನಾನು ಕಣ್ಣುತಪ್ಪಿ ಜೇಬಿಗೆ ಹಾಕಿ, ನಮ್ಮದನ್ನು ಎಲ್ಲೋ ಬೀಳಿಸಿರಬೇಕು ಎಂದು ಎಲ್ಲರ ಊಹೆ. ನಿನ್ನೆ ಆರು ತಾಸು ಹುಡುಕಿದೆವು. ಗಡ್ಡಪ್ಪ ಹೊಟ್ಟೆಯ ಮೇಲೆ ತೆವಳಿಕೊಂಡು ಗೇರ್ ಬಾಕ್ಸಿನ ಅಡಿಯನ್ನೂ ಬಿಡಲಿಲ್ಲ. ಆಮೇಲೆ ಮತ್ತೆ ಅಲೆ ಎದ್ದಿತು. ಈಗ ವರ್ಷದ ಒಳ್ಳೆಯ ಗಾಳಿ. ಎಪ್ಪತ್ತೊಂದು ತಿರುಗುತ್ತಿವೆ, ನನ್ನದೊಂದು ಕೈಕಟ್ಟಿ ನಿಂತಿದೆ. ಊಟದ ಕೋಣೆಯ ಕಿಟಕಿಯಿಂದ ನೇರವಾಗಿ ಅದೇ ಕಾಣುತ್ತದೆ.

ನಿಜ ಹೇಳಲಾ? ಆ ದಿನ ಬೆಳಿಗ್ಗೆ ನಾನು ಒಂದನ್ನೂ ಹೊರಗೆ ತೆಗೆಯಲಿಲ್ಲ. ಜೇಬುಗಳೆಲ್ಲ ತುಂಬಿದ್ದವು, ಒಂದರಿಂದ ಇಪ್ಪತ್ತನಾಲ್ಕರ ತನಕ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಸಹಿ ಹಾಕಿದೆ. ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಗುರುತು ಹಾಕುವವರ ಕಣ್ಣು ಪಟ್ಟಿಯ ಮೇಲಿರುತ್ತದೆ, ಹಾಗಾಗಿ ಇದು ಯಾರಿಗೂ ಗೊತ್ತಿಲ್ಲ. ನಮ್ಮ ಮೇಲ್ವಿಚಾರಕರನ್ನು, ಅವರನ್ನು ನಾವು ಹೆಡ್ಮಾಸ್ತರು ಅನ್ನುತ್ತೇವೆ, ಕಂಡರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಆ ಸ್ಪ್ಯಾನರ್ ಸಿಗದಿದ್ದರೆ ಮುಖ್ಯಸ್ಥೆಯ ಕನಸು ಮುಗಿದಂತೆ.

ನಿಮ್ಮ ಸೊಸೆ

*

ಮನೆ
ಫೆಬ್ರವರಿ 20

ಸೊಸೆಗೆ,

ಕೂತು ಓದು. ನಿಂತಿದ್ದರೆ ಏನನ್ನಾದರೂ ಹಿಡಿದುಕೋ.

ನಿನ್ನ ಹದಿನೇಳನೇ ನಂಬರು ನನ್ನ ತಗಡಿನ ಡಬ್ಬಿಯಲ್ಲಿದೆ.

ಚೀಲ ಹೊಲಿಯುವಾಗ ನಿನ್ನ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿದ್ದೆ. ಮಂಚ ಕಿರುಗುಟ್ಟುತ್ತಿದೆ ಎಂದು ನಿನ್ನ ಗಂಡ ಹೇಳುತ್ತಲೇ ಇದ್ದ, ಅಂದರೆ ಕೈಸನ್ನೆ ಮಾಡುತ್ತಿದ್ದ, ನನಗೆಲ್ಲಿ ಕೇಳಿಸಬೇಕು. ಬೋಲ್ಟಿನ ತಲೆಗೊಂದು, ನಟ್ಟಿಗೊಂದು, ಎರಡು ಸ್ಪ್ಯಾನರ್ ಬೇಕಾಯಿತು. ಒಂದು ನನ್ನ ಮಿಲ್ಲಿನದು, ಒಂದು ನಿನ್ನದು. ಕೆಲಸ ಮುಗಿಸಿ ಕನ್ನಡಕವಿಲ್ಲದೆ ವಾಪಸು ಇಟ್ಟೆ. ನನ್ನದು ನಿನ್ನ ಜೇಬಿಗೆ, ನಿನ್ನದು ನನ್ನ ಡಬ್ಬಿಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು, ಅದೂ ಸಮುದ್ರದ ನಡುವೆ. ಪತ್ರ ಓದಿ ಕನ್ನಡಕ ಹಾಕಿಕೊಂಡು ಡಬ್ಬಿ ತೆರೆದರೆ ಮೇಲೇ ನಿನ್ನ ಹದಿನೇಳು. ತಪ್ಪಾಯಿತು ಕಣೇ.

ಈಗ ಉಪಾಯ ಕೇಳು. ಈ ಪತ್ರದ ಜೊತೆಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಬಂದಿದೆ. ಎಡಗಾಲಿನದರೊಳಗೆ ನಿನ್ನ ಹದಿನೇಳು. ಮುಂದಿನ ಸಲ ಕಂಬ ಹತ್ತಿದಾಗ ಯಾವುದಾದರೂ ಮೂಲೆಯಲ್ಲಿ ಇಡು. ಸ್ವಲ್ಪ ಹೊತ್ತು ಹುಡುಕಿದಂತೆ ಮಾಡು. ಆಮೇಲೆ "ಸಿಕ್ತು!" ಅನ್ನು. ಹಳೆಯದು ಯಾರದೋ, ಯಾರಿಗೆ ಗೊತ್ತು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೆಳಿಗ್ಗೆ ಮಗ್ಗಿ ಒಪ್ಪಿಸಿದ್ದು ನಿನಗೂ ನನಗೂ ಬಿಟ್ಟು ಮೂರನೆಯವರಿಗೆ ತಿಳಿಯುವುದಿಲ್ಲ.

ನಿನ್ನ ಗಂಡನಿಗೂ ಹೇಳಿಲ್ಲ. ಪಾರ್ಸೆಲನ್ನು ತಕ್ಕಡಿಗಿಟ್ಟು, "ಇಷ್ಟು ಭಾರದ ಕಾಲುಚೀಲ ಯಾವ ಕಾಲಿಗಮ್ಮ?" ಎಂದು ಬರೆದು ತೋರಿಸಿದ. ಅಲ್ಲಿ ಗಾಳಿ ಜಾಸ್ತಿ, ಹಾರಿಹೋಗಬಾರದಲ್ಲ ಅಂದೆ. ನಂಬಿದ. ಅಂಥವನನ್ನು ಕಟ್ಟಿಕೊಂಡಿದ್ದೀಯ, ನಿನಗೂ ಒಂದು ನಮಸ್ಕಾರ.

ಹೇಳಿದಷ್ಟು ಮಾಡು. ಯೋಚನೆ ಮಾಡಲು ಹೋಗಬೇಡ.

ಅತ್ತೆ

*

ಹಡಗಿನಿಂದ
ಮಾರ್ಚ್ 2

ಅತ್ತೆಗೆ ನಮಸ್ಕಾರ.

ಪಾರ್ಸೆಲ್ ತಲುಪಿತು. ಪತ್ರ ಓದಿ ಮೊದಲು ಬಂದದ್ದು ನಗು. ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು, ಬಾಯಿಗೆ ಬಲಗಾಲಿನ ಕಾಲುಚೀಲ ತುರುಕಿಕೊಂಡು ನಕ್ಕೆ. ನಿಮ್ಮ ಮೇಲೆ ಒಂದಿಷ್ಟೂ ಕೋಪವಿಲ್ಲ. ನಾನು ನಂಬರು ನೋಡಿ ಓದಿದ್ದರೆ ನಿಮ್ಮ ಸ್ಪ್ಯಾನರ್ ಹಡಗು ದಾಟುತ್ತಲೇ ಇರಲಿಲ್ಲ.

ನೀವು ಹೇಳಿದ ಹಾಗೇ ಮಾಡಲು ಹೊರಟೆ, ಅದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತೆಂಟಕ್ಕೆ ಅಲೆ ಇಳಿಯಿತು. ನಾನು, ಗಡ್ಡಪ್ಪ ಇಬ್ಬರೇ ಮೂವತ್ತೆರಡಕ್ಕೆ ಹೋದೆವು. ಹದಿನೇಳು ನನ್ನ ಪ್ಯಾಂಟಿನ ಮಂಡಿ ಜೇಬಿನಲ್ಲಿತ್ತು. ಏಣಿ ಹತ್ತುವಾಗ ಹೆಜ್ಜೆಗೊಮ್ಮೆ ಮಂಡಿಗೆ ಬಡಿಯುತ್ತಿತ್ತು. ಗಡ್ಡಪ್ಪ ಹೊರಗಿನ ಮುಚ್ಚಳ ತೆರೆಯಲು ಹೋದಾಗ ನಾನು ಮೂಲೆ ಹುಡುಕಿದೆ.

ಗೇರ್ ಬಾಕ್ಸಿನ ಹಿಂದೆ ಬಗ್ಗಿದರೆ ಅಲ್ಲೊಂದು ಸೀಮೆಸುಣ್ಣದ ಗುರುತು. ನೆಲದ ತಗಡು ಎತ್ತಿದರೆ ಅಲ್ಲೂ ಒಂದು. ಕೇಬಲ್ಲುಗಳ ಹಿಂದೆ, ಬ್ರೇಕಿನ ಕೆಳಗೆ, ಕೈಯೇ ಹೋಗದ ಸಂದಿಯಲ್ಲೂ. ಗಡ್ಡಪ್ಪ ಆ ದಿನ ಹುಡುಕಿದ ಒಂದೊಂದು ಜಾಗಕ್ಕೂ ಗುರುತು ಹಾಕಿದ್ದಾನೆ, ಅರವತ್ತಮೂರು ಗುರುತು, ಎಲ್ಲವನ್ನೂ ಪಟ್ಟಿ ಮಾಡಿ "ಇಲ್ಲಿ ಇಲ್ಲ" ಎಂದು ಸಹಿ ಹಾಕಿಕೊಟ್ಟಿದ್ದಾನೆ. ನಾನು ಸ್ಪ್ಯಾನರನ್ನು ಎಲ್ಲಿಟ್ಟರೂ ಅವನ ಗುರುತಿನ ಮೇಲೇ ಇಡಬೇಕು. ನಾನು "ಸಿಕ್ತು" ಅಂದ ಕೂಡಲೇ ಅವನು ನೋಡದೆ ಸಹಿ ಹಾಕಿದವನಾಗುತ್ತಾನೆ. ನೋಡದೆ ಹಾಕಿದವಳು ನಾನು, ಅತ್ತೆ.

ಅವನು ಒಳಗೆ ಬಂದಾಗ ಕೈಚಾಚಿ ತೋರಿಸಿದೆ. ಎಲ್ಲ ಹೇಳಿದೆ. ಮಂಚ, ಕನ್ನಡಕ, ಕಾಲುಚೀಲ, ಮಗ್ಗಿ. ಅವನು ತನ್ನ ಗುರುತುಗಳ ಕಡೆಗೊಮ್ಮೆ ಕಣ್ಣಾಡಿಸಿದ. ಆಮೇಲೆ ಕೇಳಿದ್ದು ಇಷ್ಟೇ:

"ನಾನು ಆರು ಗಂಟೆ ತೆವಳಿದ್ದು ನಿಮ್ಮತ್ತೆ ಮಂಚಕ್ಕಾ?"

ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು. ಅವನು ಬೇರೆ ಕಡೆ ನೋಡುತ್ತ ಚಹಾ ಬಗ್ಗಿಸಿಕೊಟ್ಟ.

ಸಂಜೆ ಹೆಡ್ಮಾಸ್ತರ ಮೇಜಿನ ಮೇಲೆ ಕಾಲುಚೀಲದ ಸಮೇತ ಇಟ್ಟು ವರದಿ ಬರೆದುಕೊಟ್ಟೆ. ವರ್ಷದಿಂದ ಹೀಗೇ ಮಾಡುತ್ತಿದ್ದೆ ಎಂಬುದನ್ನೂ ಬರೆದೆ. ಅವರು ಓದಿ, ಕಾಲುಚೀಲ ನೋಡಿ, ನನ್ನನ್ನು ನೋಡಿ "ಹೋಗಿ ಊಟ ಮಾಡಿ" ಅಂದರು. ಮಾರನೆಯ ದಿನವೇ ಮೂವತ್ತೆರಡು ತಿರುಗತೊಡಗಿತು.

ನಿಮ್ಮ ಮಾತು ಮೀರಿದೆ. ಕ್ಷಮಿಸಿ.

ನಿಮ್ಮ ಸೊಸೆ

*

ಮನೆ
ಮಾರ್ಚ್ 7

ಮೇಲ್ವಿಚಾರಕ ಸಾಹೇಬರಿಗೆ,

ನಿಮ್ಮಲ್ಲಿ ಕೆಲಸ ಮಾಡುವ ಹುಡುಗಿಯ ಅತ್ತೆ ನಾನು. ನಂಬರಿಲ್ಲದ ಹಳೇ ಸ್ಪ್ಯಾನರ್ ನನ್ನದು. ಅದನ್ನು ಆ ಜೇಬಿಗೆ ಹಾಕಿದ್ದು ನಾನು, ಮೂಲೆಯಲ್ಲಿಟ್ಟು ಸಿಕ್ಕಿತು ಎಂದು ಹೇಳು ಎಂದು ಕಲಿಸಿಕೊಟ್ಟದ್ದೂ ನಾನು. ಶಿಕ್ಷೆ ಕೊಡುವುದಾದರೆ ನನಗೆ ಕೊಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಈ ಗಾದೆಯಲ್ಲಿ ಎತ್ತು ನಾನು, ತಪ್ಪು ತಿಳಿಯಬೇಡಿ.

ಅವಳು ನೋಡದೆ ಸಹಿ ಹಾಕಿದ್ದು ತಪ್ಪೇ. ಅದರ ಬಗ್ಗೆ ಒಂದು ಮಾತು ಹೇಳುತ್ತೇನೆ. ನಮ್ಮ ಮಿಲ್ಲಿನಲ್ಲಿ ಮಗ್ಗದ ಸದ್ದಿಗೆ ಕಿವಿಗೆ ಹಾಕಿಕೊಳ್ಳಲು ಬಿರಡೆ ಕೊಡಬೇಕೆಂದು ನಿಯಮವಿತ್ತು. ತಿಂಗಳಿಗೊಮ್ಮೆ ಪುಸ್ತಕ ಬರುತ್ತಿತ್ತು: "ಬಿರಡೆ ಪಡೆದಿದ್ದೇನೆ, ಬಳಸುತ್ತಿದ್ದೇನೆ." ಬಿರಡೆ ಬರುತ್ತಲೂ ಇತ್ತು. ಅದನ್ನು ಹಾಕಿಕೊಂಡರೆ ಪಕ್ಕದವರ ಹರಟೆ ಕೇಳಿಸುವುದಿಲ್ಲವೆಂದು ನಾನು ಜೇಬಿನಲ್ಲಿಟ್ಟುಕೊಂಡು ಸಹಿ ಹಾಕುತ್ತಿದ್ದೆ. ಮೂವತ್ತೊಂದು ವರ್ಷ ಹಾಕಿದೆ. ಈಗ ಮಗನ ಮಾತೂ ಕೇಳಿಸುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ವಯಸ್ಸಿನಿಂದ ಹೀಗಾಯಿತು ಎಂದೇ ಹೇಳಿದ್ದೇನೆ. ನಿಮಗೆ ಹೇಳಿದ್ದು, ನೀವು ನನ್ನ ಮುಖ ನೋಡಿಲ್ಲವಾದ್ದರಿಂದ.

ನನಗೆ ಬುದ್ಧಿ ಬರಲು ಎರಡು ಕಿವಿ ಹೋಗಬೇಕಾಯಿತು. ಅವಳಿಗೆ ಹದಿನೈದೇ ದಿನದಲ್ಲಿ ಬಂದಿದೆ. ಅಂಥವಳನ್ನು ಮುಖ್ಯಸ್ಥೆ ಮಾಡದೆ ಇನ್ನಾರನ್ನು ಮಾಡುತ್ತೀರಿ? ಯೋಚಿಸಿ ನೋಡಿ.

ಇಂತಿ ನಮಸ್ಕಾರಗಳು,
ಮಿಲ್ಲಿನ ಹಳೇ ಕೆಲಸಗಾರ್ತಿ

*

ನಿರ್ವಹಣಾ ಕಚೇರಿ, ಹಡಗು
ಮಾರ್ಚ್ 15

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ನೀವು ನಮ್ಮ ನೌಕರರಲ್ಲದ ಕಾರಣ ನಿಮಗೆ ಶಿಕ್ಷೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಹುಡುಕಿ ನೋಡಿದೆ.

ನಿಮ್ಮ ಸೊಸೆಯ ಬಡ್ತಿಯನ್ನು ಒಂದು ವರ್ಷ ಮುಂದೂಡಿದ್ದೇನೆ. ಇದರಲ್ಲಿ ಬದಲಾವಣೆ ಇಲ್ಲ. ಸಮುದ್ರದ ನಡುವೆ ಒಬ್ಬರ ಜೀವ ಇನ್ನೊಬ್ಬರ ಸಹಿಯ ಮೇಲೆ ನಿಂತಿರುತ್ತದೆ. ತಂಡದ ಹೊಣೆಯನ್ನು ಅರವತ್ತಮೂರು ಗುರುತು ಹಾಕಿದವರಿಗೆ ಕೊಟ್ಟಿದ್ದೇನೆ. ಹೊಸದಾಗಿ ಸೇರುವವರಿಗೆ ಉಪಕರಣ ಎಣಿಸುವುದನ್ನು ಕಲಿಸುವ ಕೆಲಸ ಇನ್ನು ಮುಂದೆ ನಿಮ್ಮ ಸೊಸೆಯದು. ಪಾಠವನ್ನು ತಮ್ಮದೇ ಕಥೆಯಿಂದ ಶುರುಮಾಡಲು ಅವರು ಒಪ್ಪಿದ್ದಾರೆ. ಮೊದಲ ತರಗತಿಯಲ್ಲಿ ಮಂಚದ ಭಾಗಕ್ಕೆ ಬಹಳ ನಗು ಬಂತು.

ನಿಮ್ಮ ಕಿವಿಯ ವಿಷಯ ನನ್ನಲ್ಲೇ ಇರುತ್ತದೆ. ಆದರೆ ಅದನ್ನು ಕೇಳಬೇಕಾದವರು ನಾನಲ್ಲ ಎಂದು ನನಗನ್ನಿಸುತ್ತದೆ.

ಕೊನೆಯದಾಗಿ, ಕಚೇರಿಯ ಕಾಗದದಲ್ಲಿ ಬರೆಯಬಾರದ ಒಂದು ಮಾತು. ಹತ್ತೊಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಈ ಅವಧಿಯಲ್ಲಿ ಕಳೆದುಹೋದ ನಲವತ್ತೊಂದು ಉಪಕರಣಗಳು "ಮೂಲೆಯಲ್ಲಿ ಸಿಕ್ಕಿವೆ". ಕಾಲುಚೀಲದಲ್ಲಿ ನನ್ನ ಮೇಜಿಗೆ ಬಂದದ್ದು ಇದೊಂದೇ.

ವಿಶ್ವಾಸದಿಂದ,
ನಿರ್ವಹಣಾ ಮೇಲ್ವಿಚಾರಕ

*

ಮನೆ
ಮಾರ್ಚ್ 21

ಸೊಸೆಗೆ ಆಶೀರ್ವಾದ.

ನಿಮ್ಮ ಹೆಡ್ಮಾಸ್ತರಿಗೆ ನಾನು ಪತ್ರ ಬರೆದದ್ದು ನಿನಗೆ ಇಷ್ಟೊತ್ತಿಗೆ ಗೊತ್ತಾಗಿರಬೇಕು. ನಿನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಉತ್ತರ ಬಂತು. ಕಲ್ಲಿನಂಥ ಮನುಷ್ಯ. ಮೂರು ಸಲ ಓದಿದ ಮೇಲೆ ಒಳ್ಳೆಯ ಮನುಷ್ಯ ಅನ್ನಿಸಿತು.

ಬಡ್ತಿ ಹೋಯಿತೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಅಂದು ಅಡುಗೆ ಚೆನ್ನಾಗಿಯೇ ಆಗಿತ್ತು. ಐದು ವರ್ಷ ಕಾದದ್ದು ನನ್ನಿಂದ ಹೋಯಿತಲ್ಲ ಎಂದು ಅತ್ತುಬಿಟ್ಟೆ. ಅಳುವುದು ನನಗೆ ಬರುತ್ತದೆ ಎಂದು ನಿನ್ನ ಗಂಡನಿಗೆ ಗೊತ್ತೇ ಇರಲಿಲ್ಲ, ಹೆದರಿ ಡಾಕ್ಟರಿಗೆ ಫೋನ್ ಮಾಡಿದ. ಆಮೇಲೆ ಕೂರಿಸಿ ಎಲ್ಲ ಹೇಳಿದೆ, ಕಾಲುಚೀಲದ ಸಮೇತ. "ನಾನು ತೂಕ ಮಾಡ್ದಾಗ್ಲೇ ಅನ್ಕೊಂಡೆ" ಎಂದು ಬರೆದು ತೋರಿಸಿದ. ಸುಳ್ಳ.

ದರ್ಜಿಯಮ್ಮ "ಸೊಸೆ ದೊಡ್ಡ ಹುದ್ದೆಗೆ ಹೋದಳಂತಾ?" ಎಂದು ಕೈಯಾಡಿಸಿ ಕೇಳಿದಳು. ಮೇಷ್ಟ್ರಾಗಿದ್ದಾಳೆ ಅಂದೆ.

ಗಡ್ಡಪ್ಪನಿಗೆ ನನ್ನ ಅಭಿನಂದನೆ ಹೇಳು. ಅವನ ಮಂಡಿಗೆ ಹಚ್ಚಲು ಮುಲಾಮು ಕಳಿಸಿದ್ದೇನೆ. ಈ ಸಲ ಪಾರ್ಸೆಲಿನಲ್ಲಿ ಮುಲಾಮು ಬಿಟ್ಟು ಬೇರೇನೂ ಇಲ್ಲ, ಬೇಕಾದರೆ ಅವನನ್ನೇ ಎಣಿಸಲು ಹೇಳು.

ನೀನು ಬಂದ ಮೇಲೆ ನನ್ನ ಮಿಲ್ಲಿನ ಕಾಲದ ಒಂದು ವಿಷಯ ಹೇಳಬೇಕು. ಪತ್ರದಲ್ಲಿ ಬೇಡ.

ಇನ್ನೊಂದನ್ನು ಇಲ್ಲೇ ಹೇಳುತ್ತೇನೆ, ಎದುರಿಗೆ ನಿಂತರೆ ನನ್ನ ಬಾಯಿಗೆ ಬರುವುದಿಲ್ಲ. ನೀನು ಈ ಮನೆಗೆ ಬಂದು ಆರು ವರ್ಷ. ಆರು ವರ್ಷವೂ ನಾನು ಏನು ಹೇಳಿದರೂ ನೀನು ತಲೆಯಾಡಿಸಿ "ಹೂಂ ಅತ್ತೆ" ಅಂದಿದ್ದೀಯ. ಅದನ್ನೇ ಹೆಮ್ಮೆಯೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನಿನ್ನ ಪತ್ರದ ಕೊನೆಯಲ್ಲಿ "ನಿಮ್ಮ ಮಾತು ಮೀರಿದೆ" ಎಂದು ಓದಿದಾಗ ನನಗೆ ಆದ ಸಂತೋಷ ಆ ಹೂಂಗಳಲ್ಲಿ ಒಂದಕ್ಕೂ ಆಗಿರಲಿಲ್ಲ. ಅವುಗಳಲ್ಲಿ ಎಷ್ಟನ್ನು ಮನಸ್ಸಿಲ್ಲದೆ ಅಂದೆಯೋ, ನಾನು ಕೇಳುವುದಿಲ್ಲ. ಇನ್ನು ಮೇಲೆ ಬೇಡದ್ದಕ್ಕೆ ಬೇಡ ಅನ್ನು. ಜೋರಾಗಿ ಅನ್ನು, ನನಗೆ ಕಿವಿ ಕೇಳಿಸುವುದಿಲ್ಲ.

ದಾರಿ ಕಾಯುತ್ತಿರುವ
ಅತ್ತೆ